ಕೋಳಿ ನೀರು ಕುಡಿದ ಕೆಟಲ್

ನಾನು ಚನ್ನಪಟ್ಟಣದ ಒಂದು ಹೈಸ್ಕೂಲಿನಲ್ಲಿ ಟೀಚರು. ಮನೆ ಕೂಟಗಲ್ಲಿನ ಕಡೆ. ಶಾಲೆಗೆ ಹೋಗಿಬರುವ ದಾರಿಯಲ್ಲಿ, ಮೈಸೂರು ರಸ್ತೆಯ ಪಕ್ಕಕ್ಕೆ, ಕಳೆದ ವರ್ಷ ಒಂದು ಅಂಗಡಿ ಶುರುವಾಯಿತು. ಹಳೇ ಕಾಲದ್ದರಂತೆ ಕಾಣುವ ಹೊಸ ಸಾಮಾನು ಮಾರುವ ಅಂಗಡಿ. ‘ಬಿಸಿ ಬಿಸಿ ಕಾಫಿ’ ಎಂದು ಬರೆದ ತಗಡಿನ ಬೋರ್ಡು, ಗೋಲಿ ಸೋಡಾ ಬಾಟಲಿಯ ಆಕಾರದ ದೀಪ, ಬನ್ನಿನ ಚಿತ್ರವಿರುವ ಬಿಸ್ಕತ್ ಡಬ್ಬ, ನೀಲಿ ಅಂಚಿನ ಬಿಳಿ ಎನಾಮಲ್ ಲೋಟಗಳು. ಮೂರು ತಿಂಗಳು ಬಸ್ಸಿನ ಕಿಟಕಿಯಿಂದ ನೋಡಿ ತಡೆದುಕೊಂಡೆ. ನಾಲ್ಕನೇ ತಿಂಗಳು ಇಳಿದೇಬಿಟ್ಟೆ.

ತಂದದ್ದು ಒಂದು ಕಾಫಿ ಕೆಟಲ್. ಅಂಚಿನಲ್ಲಿ ನಾಲ್ಕಾರು ಕಡೆ ಎನಾಮಲ್ ಎದ್ದುಹೋಗಿ ಕಪ್ಪು ಕಾಣುತ್ತಿತ್ತು, ಮೂತಿಯ ಹತ್ತಿರ ತುಕ್ಕಿನ ಬಣ್ಣ ಬಳಿದಿದ್ದರು. ಅದೇ ಅದರ ಚೆಂದ ಎಂದು ನನ್ನ ನಂಬಿಕೆ.

ಅತ್ತೆ ಅದನ್ನು ಬೆಳಕಿಗೆ ಹಿಡಿದು ಮೂರು ಸುತ್ತು ತಿರುಗಿಸಿದರು. ಅವರು ನಲವತ್ತು ವರ್ಷ ರೇಷ್ಮೆ ಸಾಕಿದವರು. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿಯೇ ಒಳಗೇನಿದೆ ಎಂದು ಹೇಳಬಲ್ಲವರು. ರಾಮನಗರದ ಮಾರ್ಕೆಟ್ಟಿನಲ್ಲಿ ಅವರೊಂದಿಗೆ ವಾದಕ್ಕಿಳಿದು ಗೆದ್ದವರನ್ನು ನಾನು ಕಂಡಿಲ್ಲ. ಉಗುರಿನಿಂದ ತುಕ್ಕನ್ನು ಕೆರೆದು ನೋಡಿ ಹೇಳಿದರು:

“ಮೇಷ್ಟ್ರಮ್ಮ ಅಂತ ನೋಡಿ ನಿಂಗೆ ಟೋಪಿ ಹಾಕವ್ನೆ ಕಣವ್ವ.”

ಬೇಕೆಂದೇ ಹೀಗೆ ಮಾಡುತ್ತಾರೆ, ಈಗ ಇದೇ ಫ್ಯಾಷನ್ನು ಎಂದು ಎಷ್ಟು ಹೇಳಿದರೂ ಅವರಿಗೆ ಹಿಡಿಸಲಿಲ್ಲ. ಹಂಗಾದ್ರೆ ಸೀರೇನೂ ಹರಿದೇ ಮಾರ್ತಾರಾ ಎಂದು ಕೇಳಿದರು. ನನಗೆ ನನ್ನ ಅಣ್ಣನ ಮಗನ ಮೊಣಕಾಲು ಹರಿದ ಪ್ಯಾಂಟು ನೆನಪಾಯಿತು.

ಆ ಶನಿವಾರ ಮಧ್ಯಾಹ್ನ ನಾನು ಶಾಲೆಯಿಂದ ಬರುವಷ್ಟರಲ್ಲಿ ಅತ್ತೆ ಸೀರೆ ಬದಲಿಸಿ ಜಗಲಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ವಯರ್ ಬುಟ್ಟಿ. ಅದರಲ್ಲಿ ನನ್ನ ಕೆಟಲ್, ಅದರಡಿಯಲ್ಲಿ ಟವೆಲಿನಲ್ಲಿ ಸುತ್ತಿದ ಇನ್ನೇನೋ ಒಂದು. ನಾನು ಬ್ಯಾಗು ಕೆಳಗಿಡುವ ಮೊದಲೇ ಎದ್ದು ನನ್ನನ್ನು ಅಂಗಡಿಗೆ ಹೊರಡಿಸಿದರು.

ಅಂಗಡಿಯವನು ಮೂವತ್ತರ ಆಸುಪಾಸಿನ ಮೃದು ಮಾತಿನ ಹುಡುಗ. ಅತ್ತೆಯ ದೂರನ್ನೆಲ್ಲ ಕೇಳಿಸಿಕೊಂಡು, ಇದನ್ನು ‘ಡಿಸ್ಟ್ರೆಸ್ಡ್ ಫಿನಿಶ್’ ಅಂತಾರೆ ಅಜ್ಜಿ ಎಂದ. ಹಂಗಂದ್ರೇನು ಎಂದು ಅತ್ತೆ ನನ್ನ ಮುಖ ನೋಡಿದರು. ಕಷ್ಟಪಟ್ಟ ಪಾತ್ರೆ ಅಂತ ಅರ್ಥ ಎಂದೆ. ಅಷ್ಟರಲ್ಲಿ ಅವನಿಗೆ ಫೋನು ಬಂತು, ಸಿಗ್ನಲ್ ಹುಡುಕಿಕೊಂಡು ಹೊರಗೆ ಹೋದ.

ಅತ್ತೆ ತಡಮಾಡಲಿಲ್ಲ. ಟವೆಲ್ ಬಿಚ್ಚಿದರು. ನಮ್ಮ ಹಿತ್ತಿಲಲ್ಲಿ ಕೋಳಿಗಳಿಗೆ ನೀರಿಡುತ್ತಿದ್ದ ಕೆಟಲ್! ಅತ್ತೆಯ ಮದುವೆಗೆ ಯಾರೋ ಉಡುಗೊರೆ ಕೊಟ್ಟದ್ದು. ಮುಚ್ಚಳ ಕಳೆದು ಕಾಲವಾಗಿತ್ತು, ಎಮ್ಮೆ ತುಳಿದು ಒಂದು ಮಗ್ಗುಲು ಒಳಗೆ ಹೋಗಿತ್ತು. ಅದನ್ನು ಶೆಲ್ಫಿನ ಮೇಲೆ ಎರಡು ಹೊಸ ಕೆಟಲ್‌ಗಳ ನಡುವೆ ಇಟ್ಟು, ನುಗ್ಗಾದ ಮಗ್ಗುಲು ಮುಂದೆ ಬರುವಂತೆ ತಿರುಗಿಸಿದರು.

ಬೇಡಿ ಅತ್ತೆ ಎನ್ನಬೇಕಿತ್ತು. ಮಕ್ಕಳಿಗೆ ನೀತಿಪಾಠ ಹೇಳುವವಳು ನಾನು. ಆದರೆ ನನ್ನ ಕಣ್ಣು ಮುಚ್ಚಳವಿಲ್ಲದ ಆ ಬಾಯಿಯ ಮೇಲೇ ಹೋಯಿತು. ನನ್ನ ಕೆಟಲ್‌ನ ಮುಚ್ಚಳ ತೆಗೆದು ಅದಕ್ಕೆ ಹಾಕಿದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

ಆಗಲೇ ಮೈಸೂರಿಗೆ ಹೊರಟಿದ್ದ ಬೆಂಗಳೂರಿನ ಗಂಡ ಹೆಂಡತಿ ಒಳಗೆ ಬಂದರು. ಹೆಂಡತಿ ಶೆಲ್ಫಿನ ಉದ್ದಕ್ಕೂ ಕಣ್ಣಾಡಿಸಿ, ಸೀದಾ ನಮ್ಮ ಕೋಳಿ ಕೆಟಲ್‌ಗೇ ಕೈ ಹಾಕಿದರು. ಫೋನು ಮುಗಿಸಿ ಬಂದ ಅಂಗಡಿಯವನು ಅದನ್ನೊಮ್ಮೆ ನೋಡಿ, ರೆಪ್ಪೆ ಬಡಿಯದೆ, ಇದು ನಮ್ಮ ಪ್ರೀಮಿಯಂ ಕಲೆಕ್ಷನ್ ಮೇಡಂ, ಪ್ರತಿಯೊಂದು ಕಲೆಯನ್ನೂ ಕೈಯಲ್ಲೇ ಮಾಡಿದ್ದು ಎಂದ. ನಾನು ಬಿಸ್ಕತ್ ಡಬ್ಬದ ಮೇಲಿನ ಅಕ್ಷರಗಳನ್ನು ಬಲು ಶ್ರದ್ಧೆಯಿಂದ ಓದತೊಡಗಿದೆ.

ಇಂಗೆ ಮಾಡಕ್ಕೆ ಎಷ್ಟು ದಿನ ಹಿಡೀತಪ್ಪ ಎಂದು ಅತ್ತೆ ಕೇಳಿದರು. ಮೂರು ದಿನ ಅಜ್ಜಿ ಎಂದ.

“ನಮ್ಮನೇಲಿ ನಲ್ವತ್ತು ವರ್ಸ ಹಿಡೀತು ಕಣ್ ಮಗ. ಅದ್ರಲ್ಲಿ ನಮ್ ಕೋಳಿಗೊಳು ನೀರ್ ಕುಡೀತಿದ್ವು.”

ಅಂಗಡಿಯವನು ಕೆಟಲ್ ತಿರುವಿ ಅಡಿ ನೋಡಿದ. ಅವನ ಸ್ಟಿಕ್ಕರ್ ಇರಲಿಲ್ಲ. ಕಿವಿಯವರೆಗೆ ಕೆಂಪಾದ. ಮೊದಲು ನಕ್ಕದ್ದು ಬೆಂಗಳೂರಿನ ಹೆಂಗಸು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ತೊಳೆದಿದ್ದೀರಾ ಅಮ್ಮ ಎಂದು ಕೇಳಿದರು. ಹುಣಸೆಹಣ್ಣು ಹಾಕಿ ಎರಡು ಸಲ ಉಜ್ಜಿವ್ನಿ ಎಂದರು ಅತ್ತೆ. ಹಾಗಾದರೆ ನನಗೆ ಇದೇ ಬೇಕು ಎಂದು ಆಕೆ ಅದನ್ನು ಎದೆಗೆ ಅವುಚಿಕೊಂಡುಬಿಟ್ಟರು.

ನಾನು ತಂದ ಕೆಟಲ್ಲನ್ನೂ ಮೇಜಿನ ಮೇಲಿಟ್ಟು ಅತ್ತೆ ಅಂಗಡಿಯವನಿಗೆ ಸರಳವಾದ ದಾರಿ ತೋರಿಸಿದರು. “ಇವೆರಡೂ ನೀನೇ ಮಡೀಕೊ, ಆಯಮ್ಮ ಕೊಡೋ ದುಡ್ಡೂ ನಿಂದೇಯ. ನಂಗೆ ಒಂದು ಕಲೆನೂ ಇಲ್ದೆ ನೆಟ್ಟಗಿರೋದು ಒಂದು ಕೊಡು.”

ಅವನು ಹುಡುಕಿದ. ಶೆಲ್ಫಿನಲ್ಲಿ ಇದ್ದದ್ದೆಲ್ಲ ಕಷ್ಟಪಟ್ಟವೇ. ಹಿಂದಿನ ಕೋಣೆಗೆ ಹೋಗಿ ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಎಳೆದಾಡಿ, ಕೊನೆಗೆ ಒಂದನ್ನು ಹಿಡಿದುಕೊಂಡು ಬಂದ. ಹಾಲಿನಂತೆ ಬಿಳುಪು, ಒಂದು ಗೀರಿಲ್ಲ. ಮಾಡುವವರು ಇದಕ್ಕೆ ಕಲೆ ಹಾಕುವುದನ್ನೇ ಮರೆತಿದ್ದರಂತೆ. ಡ್ಯಾಮೇಜ್ ಪೀಸ್ ಎಂದು ವಾಪಸ್ ಕಳಿಸಲು ಎತ್ತಿಟ್ಟಿದ್ದನಂತೆ. ಅತ್ತೆ ಅದನ್ನು ಬೆರಳಿನಿಂದ ತಟ್ಟಿ, ಕಿವಿಗೆ ಹಿಡಿದು, ಅಲ್ಲಾಡಿಸಿ, ಇರಲಿ ಎಂಬಂತೆ ತಲೆಯಾಡಿಸಿದರು.

ಕೋಳಿ ಕೆಟಲ್ ಕಾರು ಹತ್ತಿ ಮೈಸೂರಿಗೆ ಹೋಯಿತು. ನಾವು ಬಸ್ಸು ಹತ್ತಿದೆವು. ಅವನು ಪಾಪ ಒಳ್ಳೇ ಹುಡ್ಗ, ಒಸಿ ಸುಳ್ಳು ಹೇಳ್ತನೆ ಅಷ್ಟೇಯ ಎಂದು ಅತ್ತೆ ದಾರಿಯುದ್ದಕ್ಕೂ ಅವನ ಪರವೇ ವಹಿಸಿದರು. ಅವರಿಗೇನೂ ನಾಚಿಕೆ ಇರಲಿಲ್ಲ. ನನಗೆ ಮುಚ್ಚಳ ಹಾಕಿದ ಕೈ ಇನ್ನೂ ತುರಿಸುತ್ತಿತ್ತು. ನಾಚಿಕೆಯಿಂದಲ್ಲ, ಖುಷಿಯಿಂದ.

ಎರಡು ವಾರವಾದ ಮೇಲೆ, ಬಸ್ಸಿಗೆ ಕಾಯುತ್ತಿದ್ದ ನನ್ನನ್ನು ಅಂಗಡಿಯವನೇ ಬಂದು ಮಾತಾಡಿಸಿದ. ಒಸಿ ಹಿಂಜರಿದು, ಅಜ್ಜಿ ಮನೇಲಿ ಅಂಥಾವು ಇನ್ನೂ ಇದಾವಾ ಮೇಡಂ ಎಂದ. ಮನೆಗೆ ಬಂದು ಹೇಳಿದೆ. ಅತ್ತೆ ಕಡ್ಡಿಪೊರಕೆ ಕೆಳಗಿಟ್ಟು ಯೋಚಿಸಿದರು. ನಮ್ಮ ಬೀದಿಯ ಯಾರ ಹಿತ್ತಿಲಲ್ಲಿ ಏನು ಬಿದ್ದಿದೆ ಎಂಬುದೆಲ್ಲ ಅವರ ಕಣ್ಣ ಮುಂದೆ ಹಾದುಹೋದದ್ದು ನನಗೂ ಕಾಣುತ್ತಿತ್ತು. ಆಮೇಲೆ ಕೇಳಿದರು:

“ಎಮ್ಮೆ ಕುಡ್ದಿರೋದಾದ್ರೆ ಆಯ್ತದಾ, ಕೇಳ್ಕೊಂಡ್ ಬಾ.”

ಕೇಳಿದೆ. ಆಗುತ್ತದಂತೆ. ಈಗ ಶನಿವಾರಗಳಲ್ಲಿ ಅತ್ತೆಯ ಜೊತೆ ಬೀದಿಯ ಇನ್ನಿಬ್ಬರು ಹೆಂಗಸರೂ ಬಸ್ಸಿಗೆ ಬರುತ್ತಾರೆ. ಬುಟ್ಟಿ ಹೊರುವವಳು ನಾನು.