ಕೂರಿಸಬೇಕಾದವರನ್ನು ಮಲಗಿಸಿದ್ದು

೧೯೮೭ರಲ್ಲಿ ನಾನು ಓದು ಬಿಟ್ಟೆ. ಏಳನೇ ಕ್ಲಾಸ್ ಪಾಸಾಗಿ ಎಂಟಕ್ಕೆ ಹೆಸರು ಬರೆಸಿದ್ದ ವರ್ಷ. ನಮ್ಮದು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತ ಮನೆ. ಎಸ್ಟೇಟಿನಲ್ಲಿ ನೆರಳು ಮರದ ಕೊಂಬೆ ಕಡಿಯಲು ಹತ್ತಿದ್ದ ಅಪ್ಪ ಬಿದ್ದು ಸೊಂಟ ಮುರಿದುಕೊಂಡರು. ಸರ್ಕಾರಿ ಆಸ್ಪತ್ರೆಯಲ್ಲಿ ಅವರ ಪಕ್ಕ ಇರಲು ಯಾರಾದರೂ ಬೇಕಿತ್ತು, ನಾನಿದ್ದೆ. ನಾಲ್ಕು ತಿಂಗಳಾದ ಮೇಲೆ ಅಪ್ಪ ಎದ್ದು ಮನೆಗೆ ಹೋದರು, ನಾನು ಆಸ್ಪತ್ರೆಯಲ್ಲೇ ಉಳಿದೆ. ಮೊದಲು ಗಂಜಿ ಪಾತ್ರೆ ಹೊತ್ತೆ, ಆಮೇಲೆ ವಾರ್ಡಿಗೆ ಬಂದೆ. ಕಾಯಂ ಆಗುವುದಕ್ಕೆ ಹದಿನಾರು ವರ್ಷ ಹಿಡಿಯಿತು. ಇವತ್ತಿಗೂ ಮೆಡಿಕಲ್ ವಾರ್ಡಿನ ಅಟೆಂಡರ್ ನಾನೇ.

ಬೆಡ್‌ಪ್ಯಾನ್ ತೆಗೆಯುವುದು, ಸ್ಟ್ರೆಚರ್ ತಳ್ಳುವುದು ಯಾರಿಗೂ ಬರುತ್ತದೆ. ನನಗೆ ಬರುತ್ತಿದ್ದದ್ದು ಬೇರೆ. ಜೀವ ಹೋಗುವ ಹೊತ್ತಿಗೆ ಯಾವ ಮನೆಯವರಿಗೆ ಏನು ಬೇಕು ಅಂತ ಕೇಳದೇ ಗೊತ್ತಾಗುತ್ತಿತ್ತು. ಕೊಡವರ ಮನೆಯವರಾದರೆ ಬಾಯಿಗೆ ಕಾವೇರಿ ತೀರ್ಥ ಬಿಡಬೇಕು. ಭಾಗಮಂಡಲದ ಅರ್ಚಕರೊಬ್ಬರು ಕೊಟ್ಟ ತೀರ್ಥದ ಬಾಟಲಿ ನನ್ನ ಕಪಾಟಿನಲ್ಲಿ ಯಾವತ್ತೂ ಇತ್ತು. ಮುಸಲ್ಮಾನರಾದರೆ ಮುಖ ಪಶ್ಚಿಮಕ್ಕೆ ಬರುವ ಹಾಗೆ ಮಂಚ ತಿರುಗಿಸಬೇಕು. ಕ್ರೈಸ್ತರಾದರೆ ಫಾದರಿಗೆ ಉಸಿರು ಇರುವಾಗಲೇ ಹೇಳಿ ಕಳಿಸಬೇಕು, ಹೋದ ಮೇಲೆ ಬಂದು ಪ್ರಯೋಜನ ಇಲ್ಲ. ಎಸ್ಟೇಟಿನ ಲೈನ್ ಮನೆಗಳಿಂದ ಬಂದ ಕೂಲಿಯವರಿಗೆ ಯಾರೂ ಇಲ್ಲದಿದ್ದರೆ ನಾನೇ ಕೈ ಹಿಡಿದು ಕೂರುತ್ತಿದ್ದೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಹರಕು ಮುರುಕು ಉರ್ದು ಎಲ್ಲ ವಾರ್ಡಿನಲ್ಲೇ ಕಲಿತದ್ದು. ‘ಆ ಅಣ್ಣನ್ನ ಕರೀರಿ’ ಅಂತ ಜನ ಹೇಳುತ್ತಿದ್ದರು. ಡಾಕ್ಟರ್ ಇದ್ದರೂ ನನ್ನನ್ನು ಕರೆಸುತ್ತಿದ್ದರು. ಆ ಕರೆಯೇ ನನ್ನ ಆಸ್ತಿ. ಅದನ್ನು ಇನ್ನೊಬ್ಬರು ಬಂದು ಕಿತ್ತುಕೊಳ್ಳಬಹುದು ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಬಂದರು. ಒಂದು ಟ್ರಸ್ಟಿನವರು ಕಳಿಸಿದ ಹೆಂಗಸು. ನಲವತ್ತರ ಆಸುಪಾಸು. ವಿರಾಜಪೇಟೆಯವರು, ಮನೆಮಾತು ಮಲಯಾಳ, ಮೊದಲು ಹೈಸ್ಕೂಲಿನಲ್ಲಿ ಟೀಚರ್ ಆಗಿದ್ದವರು. ಕುತ್ತಿಗೆಗೆ ನೇತುಹಾಕಿದ ಕಾರ್ಡಿನಲ್ಲಿ ‘ಸರ್ವಧರ್ಮ ಸಾಂತ್ವನ ಸೇವೆ’ ಅಂತ ಇತ್ತು. ರೋಗಿಗಳ ಹತ್ತಿರ, ಸಾಯುವವರ ಹತ್ತಿರ, ಅವರ ಮನೆಯವರ ಹತ್ತಿರ ಕೂತು, ಅವರವರ ದೇವರಿಗೆ ತಕ್ಕ ಹಾಗೆ ಮಾತಾಡುವುದು ಅವರ ಕೆಲಸ. ಅದಕ್ಕೆ ಒಂದೂವರೆ ವರ್ಷದ ಕೋರ್ಸ್ ಮಾಡಿದ್ದರಂತೆ.

ಹೆಡ್ ಸಿಸ್ಟರ್ ನನ್ನನ್ನು ನೋಡಿ ನಕ್ಕರು. “ಏನಣ್ಣ, ನಿನ್ನ ಡಿಪಾರ್ಟ್‌ಮೆಂಟಿಗೆ ಆಫೀಸರ್ ಬಂದ್ರಲ್ಲ! ಇನ್ಮೇಲೆ ರಜ ಬೇಕಾದ್ರೆ ಅವರ ಹತ್ರ ಕೇಳು.”

ನಾನೂ ನಕ್ಕೆ. ನಕ್ಕುಕೊಂಡೇ ಸ್ಟ್ರೆಚರ್ ತಳ್ಳಿಕೊಂಡು ಹೊರಗೆ ಹೋದೆ.

ಮೊದಲ ದಿನವೇ ಅವರಿಗೆ ಒಂದು ಕುರ್ಚಿ ಕೊಟ್ಟರು. ಮೂವತ್ತು ವರ್ಷ ಮೀರಿ ಆ ವಾರ್ಡಿನಲ್ಲಿ ನಿಂತಿದ್ದೇನೆ, ನನಗೆ ಒಂದು ಸ್ಟೂಲ್ ಕೊಟ್ಟವರಿಲ್ಲ. ಮೇಡಂ ಆ ಕುರ್ಚಿ ಎಳೆದುಕೊಂಡು ಒಬ್ಬ ರೋಗಿಯ ಹತ್ತಿರ ಅರ್ಧ ಗಂಟೆ ಕೂರುತ್ತಿದ್ದರು. ಎಷ್ಟೋ ಸಲ ಬಾಯಿ ಕೂಡ ಬಿಡುತ್ತಿರಲಿಲ್ಲ. ನಾನು ಮೈ ಒರೆಸಿ, ಬಟ್ಟೆ ಬದಲಿಸಿ, ಆಮೇಲೆ ನಿಂತೇ ನಾಲ್ಕು ಮಾತಾಡುತ್ತಿದ್ದದ್ದು ಯಾವ ಪುಸ್ತಕದಲ್ಲೂ ಇಲ್ಲ. ಅವರು ಸುಮ್ಮನೆ ಕೂತದ್ದಕ್ಕೆ ರಿಜಿಸ್ಟರ್ ಇತ್ತು.

ಡಯಾಲಿಸಿಸ್‌ಗೆ ಬರುತ್ತಿದ್ದ ಮಾಪಿಳ್ಳೆ ಹೆಂಗಸೊಬ್ಬರು ಮಾಕುಟ್ಟದ ಕಡೆಯವರು, ಎಲ್ಲರೂ ಇತ್ತಾ, ಅಂದರೆ ಅಕ್ಕ, ಅನ್ನುತ್ತಿದ್ದರು. ನನ್ನನ್ನು ಕಂಡರೆ ಎಲೆ ಅಡಿಕೆ ಚೀಲ ತೆಗೆದು, “ಮೋನೇ, ವಾ”, ಬಾ ಮಗನೇ ಅನ್ನುತ್ತಿದ್ದವರು. ಮೇಡಂ ಬಂದ ಮೂರನೇ ವಾರ ನಾನೇ ವೀಲ್‌ಚೇರ್ ತಳ್ಳಿಕೊಂಡು ಬಂದೆ. ಆ ತಾಯಿ ನನ್ನ ಭುಜದ ಆಚೆ ಇಣುಕಿ, “ಟೀಚರ್ ಎವಿಡೆ?” ಅಂತ ಕೇಳಿದರು. ಟೀಚರ್ ಎಲ್ಲಿ! ವೀಲ್‌ಚೇರ್ ಅಲ್ಲೇ ಬಿಟ್ಟು ಹೋಗಿಬಿಡೋಣ ಅನಿಸಿತು.

ಮೇಡಂ ಕೆಟ್ಟವರಾಗಿದ್ದರೆ ಎಷ್ಟೋ ಸುಲಭ ಆಗುತ್ತಿತ್ತು. ನನ್ನನ್ನು ಅಣ್ಣಾ ಅಂತಲೇ ಕರೆಯುತ್ತಿದ್ದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಎಲ್ಲರೆದುರಿಗೆ ಹೇಳುತ್ತಿದ್ದರು. ಓದಿದವರು ಹಾಗೆ ಹೇಳಿದರೆ ಅವರ ಮರ್ಯಾದೆ ಹೆಚ್ಚುತ್ತದೆ. ನಾನು ಹೇಳಿದ್ದರೆ ‘ಏಳನೇ ಕ್ಲಾಸು ತಾನೇ’ ಅನ್ನುತ್ತಿದ್ದರು.

ಹೀಗಿರುವಾಗ ಶನಿವಾರಸಂತೆ ಕಡೆಯ ಒಬ್ಬರು ಹಿರಿಯರು ಸೇರಿದರು. ಲಿಂಗಾಯತ ಮನೆತನ, ಅಂಗಡಿ ಇಟ್ಟು ಬಾಳಿದವರು. ಶ್ವಾಸಕೋಶ ಪೂರ್ತಿ ಕೆಟ್ಟಿತ್ತು. ಒಂದು ಬೆಳಿಗ್ಗೆ ಹತ್ತು ಗಂಟೆ ಸುಮಾರಿಗೆ ಹೋದರು. ಆಗ ಹತ್ತಿರ ಇದ್ದವರು ಕಿರಿಯ ಸೊಸೆ ಒಬ್ಬರೇ. ಮಕ್ಕಳು ಹಿಂದಿನ ದಿನ ಊರಿಗೆ ಹೋಗಿದ್ದರು, ಬರುವಾಗ ಮಧ್ಯಾಹ್ನ ಆಗುತ್ತದೆ ಅಂತ ಫೋನಿನಲ್ಲಿ ಹೇಳಿದರು.

ಸಿಸ್ಟರ್ ಮೈಮೇಲಿನ ವಸ್ತು ತೆಗೆಯಲು ಹೋದಾಗ ಮೇಡಂ ತಡೆದರು. “ಕೊರಳಿನ ಲಿಂಗ ಮುಟ್ಟಬೇಡಿ ಸಿಸ್ಟರ್, ಅದು ಅವರ ಜೊತೆಗೇ ಹೋಗ್ಬೇಕು.” ಅದು ಸರಿಯಾಗಿತ್ತು. ಆ ಮಾತು ನಾನು ಆಡಬೇಕಾದದ್ದು. ನನಗಿಂತ ಎರಡು ಉಸಿರು ಮೊದಲು ಆಡಿಬಿಟ್ಟರು. ಸೊಸೆ ಅಳುತ್ತಾ ಅವರಿಗೆ ಕೈ ಮುಗಿದರು.

ಆಮೇಲೆ ಮೇಡಂ ನನ್ನ ಕಡೆ ತಿರುಗಿದರು. “ಅಣ್ಣಾ, ಇವರಲ್ಲಿ ಇನ್ನೇನಾದ್ರೂ ಕ್ರಮ ಇದೆಯಾ? ಈಗಲೇ ಮಾಡ್ಬೇಕಾದ್ದು?”

ಇತ್ತು. ಇವರಲ್ಲಿ ಹೆಣವನ್ನು ಮಲಗಿಸಿ ಹೂಳುವುದಿಲ್ಲ, ಪದ್ಮಾಸನದಲ್ಲಿ ಕೂರಿಸುತ್ತಾರೆ. ಮನೆಯಲ್ಲಾದರೆ ಹಿರಿಯರು ಮೈ ಬಿಸಿ ಇರುವಾಗಲೇ ಕಾಲು ಮಡಚಿ ಗೋಡೆಗೆ ಒರಗಿಸುತ್ತಾರೆ. ಆಸ್ಪತ್ರೆಯಲ್ಲಿ ನಾವು ಎಲ್ಲರಿಗೂ ಮಾಡುವ ಹಾಗೆ ಕಾಲು ನೀಟಾಗಿ ಚಾಚಿ ಹೆಬ್ಬೆರಳು ಕಟ್ಟಿಬಿಟ್ಟರೆ ನಾಲ್ಕೈದು ಗಂಟೆಯಲ್ಲಿ ಮೈ ಸೆಟೆದು ಕಟ್ಟಿಗೆ ಆಗುತ್ತದೆ. ಇದನ್ನು ಎಷ್ಟು ಮನೆಯವರಿಗೆ ನಾನೇ ನೆನಪಿಸಿದ್ದೆನೋ ಲೆಕ್ಕವಿಲ್ಲ.

“ನಂಗೇನ್ ಗೊತ್ತು ಮೇಡಂ,” ಅಂದೆ. “ನಾನು ಏಳನೇ ಕ್ಲಾಸು. ಕೋರ್ಸ್ ಮಾಡಿದವರು ನೀವು.”

ಅವರು ಒಂದು ಕ್ಷಣ ನನ್ನ ಮುಖ ನೋಡಿ, ಸೊಸೆಯನ್ನು ಹೊರಗೆ ಕರೆದುಕೊಂಡು ಹೋದರು. ನಾನು ಬ್ಯಾಂಡೇಜ್ ಹರಿದು ಎರಡು ಹೆಬ್ಬೆರಳು ಸೇರಿಸಿ ಕಟ್ಟಿದೆ. ಮಂಡಿ ಒತ್ತಿ ನೇರ ಮಾಡಿದೆ. ಯಾವ ದಿನವೂ ಅಷ್ಟು ಅಚ್ಚುಕಟ್ಟಾಗಿ ಕಟ್ಟಿದವನಲ್ಲ.

ಮೂರು ಗಂಟೆಗೆ ಹಿರಿಯ ಮಗ ಬಂದರು, ಜೊತೆಯಲ್ಲಿ ಮನೆಯ ಅಯ್ಯನವರು. ಹೊದಿಕೆ ಎತ್ತಿದ್ದೇ ಮಗ ಕೂಗಿದರು. “ಅಪ್ಪನ್ನ ಹಿಂಗೆ ಮಲಗ್ಸಿಬಿಟ್ಟಿದ್ದೀರಲ್ಲ! ಈಗ ಕೂರ್ಸೋದು ಹೆಂಗೆ? ಸೊಂಟ ಮುರೀಬೇಕಾ? ಯಾರ್ರೀ ಇದು ಕಟ್ಟಿದ್ದು?”

ನಾನು ಬಾಯಿ ತೆರೆಯುವುದರೊಳಗೆ ಮೇಡಂ ಮುಂದೆ ಬಂದರು.

“ತಪ್ಪು ನನ್ನದು. ನಾನು ತಿಳ್ಕೊಂಡಿರಬೇಕಿತ್ತು.”

ತಪ್ಪನ್ನೂ ಅವರೇ ತೆಗೆದುಕೊಂಡರು! ನನ್ನ ಜಾಗ ತೆಗೆದುಕೊಂಡದ್ದು ಸಾಲದು ಅಂತ ನಾನು ಬೇಕಂತಲೇ ಮಾಡಿದ ತಪ್ಪೂ ಅವರ ಪಾಲಾಯಿತು.

ನಾನು ಹೋಗಿ ಎರಡು ಬಕೆಟ್ ಬಿಸಿನೀರು ತಂದೆ. ಹಳೇ ಟವೆಲ್ ಅದ್ದಿ ಹಿಂಡಿ ಸೊಂಟದ ಸಂದಿಗೆ, ಮಂಡಿ ಹಿಂದಕ್ಕೆ ಸುತ್ತಿದೆ. ತಣ್ಣಗಾದರೆ ತೆಗೆದು ಮತ್ತೆ ಸುತ್ತಿದೆ. ಜೋರು ಮಾಡಿದರೆ ಮುರಿಯುತ್ತದೆ, ಬಿಟ್ಟರೆ ಬಗ್ಗುವುದಿಲ್ಲ. “ಮೇಡಂ, ಮಂಡಿ ಕೆಳಗೆ ಕೈ ಕೊಡಿ. ಎತ್ತಬೇಡಿ, ಹಿಡ್ಕೊಳ್ಳಿ ಅಷ್ಟೇ.” ಅವರು ಹಾಗೇ ಹಿಡಿದರು. ಒಂದು ಗಂಟೆ ಹಿಡಿಯಿತು. ಎಡಗಾಲು ಮೊದಲು ಬಗ್ಗಿತು, ಬಲಗಾಲು ಕೊನೆಗೆ ಒಪ್ಪಿತು. ಅಯ್ಯನವರು ವಿಭೂತಿ ಹಚ್ಚಿ, “ಕೂತ್ರಲ್ಲ, ಸಾಕು” ಅಂದರು.

ಮಗ ಮೇಡಂ ಎದುರು ಕೈ ಮುಗಿದು ನಿಂತರು. “ಸಿಟ್ಟಲ್ಲಿ ಕೂಗಾಡಿದೆ, ಮನಸ್ಸಿಗೆ ಹಚ್ಕೋಬೇಡಿ ತಾಯಿ. ನಿಮ್ಮಿಂದ ಆಯ್ತು.” ಆಮೇಲೆ ನನ್ನ ಕಡೆ ನೋಡಿ, “ಏ, ಆ ಬಕೆಟ್ ಸ್ವಲ್ಪ ಆಕಡೆ ತೆಗಿ, ದಾರಿಗಾಗ್ತದೆ” ಅಂದರು.

ವ್ಯಾನ್ ಹೋದ ಮೇಲೆ ಮೇಡಂ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದರು. ತಿರುಗದೆ ಕೇಳಿದರು, “ನಿಮಗೆ ಮೊದಲೇ ಗೊತ್ತಿತ್ತು ಅಲ್ವಾ?”

“ಗೊತ್ತಿತ್ತು.”

“ಮತ್ತೆ?”

“ನೀವು ಬರೋಕೆ ಮುಂಚೆ ಎಲ್ರೂ ನನ್ನ ಕೇಳ್ತಿದ್ರು.”

ಆಗ ತಿರುಗಿದರು. ಅವರಿಗೆ ಸಿಟ್ಟು ಬಂದದ್ದು ನಾನು ಅದೇ ಮೊದಲು ನೋಡಿದ್ದು. “ನನ್ನ ಮೇಲೆ ಹೊಟ್ಟೆಕಿಚ್ಚಿದ್ರೆ ನನ್ನ ಮೇಲೇ ತೀರಿಸ್ಕೊಳ್ಳಿ. ಆ ಅಜ್ಜ ನಿಮಗೇನ್ ಮಾಡಿದ್ರು?”

ನಾನು ಬಕೆಟ್ ಬೋರಲು ಹಾಕಿ ವಾರ್ಡಿಗೆ ಹೋದೆ. ಸೂಪರಿಂಟೆಂಡೆಂಟರ ಹತ್ತಿರ ಹೇಳುತ್ತಾರೆ ಅಂತ ನಾಲ್ಕು ದಿನ ಕಾದೆ. ಹೇಳಲಿಲ್ಲ. ಅದೂ ಸೇರಿ ಮೈ ಉರಿಯಿತು. ಅವರು ದೊಡ್ಡವರಾಗುತ್ತಾ ಹೋದರು, ನಾನು ಬಕೆಟ್ ಹಿಡಿದವನಾಗಿಯೇ ಉಳಿದೆ. ಕೊನೆಗೆ ಒಂದು ಭಾನುವಾರ ಶನಿವಾರಸಂತೆ ಬಸ್ ಹತ್ತಿದೆ. ಒಳ್ಳೆಯತನದಿಂದ ಹೋದೆ ಅಂತ ಬರೆದರೆ ಸುಳ್ಳಾಗುತ್ತದೆ. ನನ್ನ ತಪ್ಪು ನನ್ನದಾಗಿಯೇ ಇರಲಿ, ಅದನ್ನೂ ಅವರಿಗೆ ಬಿಟ್ಟುಕೊಡುವುದಿಲ್ಲ ಅಂತ ಹೋದೆ.

ಹಿರಿಯ ಮಗ ಜಗಲಿಯಲ್ಲೇ ಇದ್ದರು. ನನ್ನನ್ನು ಕಂಡವರೇ ಎದ್ದು ನಿಂತರು. “ಬನ್ನಿ ಬನ್ನಿ. ಆವತ್ತು ನಾನು ಗಮನಿಸಲೇ ಇಲ್ಲ. ಆ ಮೇಡಂ ಫೋನ್ ಮಾಡಿ ಹೇಳಿದ್ರು, ಅಪ್ಪನ ಕಾಲು ಬಗ್ಸಿದ್ದು ನಿಮ್ಮ ಕೈ ಅಂತ. ಅವರು ಬರೀ ಹಿಡ್ಕೊಂಡಿದ್ದಂತೆ.”

ಅಲ್ಲಿಗೂ ಅವರು ನನಗಿಂತ ಮೊದಲೇ ಬಂದು ಹೋಗಿದ್ದರು.

“ಕಟ್ಟಿದ್ದೂ ನಾನೇ,” ಅಂದೆ. “ಗೊತ್ತಿದ್ದೂ ಕಟ್ಟಿದೆ. ಮೇಡಂ ಕೇಳಿದ್ರು, ನಾನು ಗೊತ್ತಿಲ್ಲ ಅಂದೆ. ಅವರ ಹೆಸರು ಕೆಡಲಿ ಅಂತ.”

ಅವರು ಜಗಲಿಯಿಂದ ಒಂದು ಮೆಟ್ಟಿಲು ಇಳಿದರು. ಹೊಡೆಯಬಹುದು ಅನಿಸಿತು. ಆದರೆ ತಿರುಗಿ ಒಳಗೆ ಹೋದರು. ನಾನು ಹೊರಡಲೋ ನಿಲ್ಲಲೋ ಅಂತ ಗೊತ್ತಾಗದೆ ಅಂಗಳದಲ್ಲೇ ನಿಂತೆ. ಸ್ವಲ್ಪ ಹೊತ್ತಿಗೆ ಹಿರಿಯರ ಹೆಂಡತಿ ಬಾಗಿಲು ಹಿಡಿದುಕೊಂಡು ಬಂದರು.

“ಬಗ್ಸುವಾಗ ಮೂಳೆ ಏನೂ ಮುರೀಲಿಲ್ಲ ತಾನೇ?”

“ಇಲ್ಲಮ್ಮ. ಒಂದೂ ಮುರೀಲಿಲ್ಲ.”

“ಹಂಗಾದ್ರೆ ಹೋಗು. ಇನ್ನೊಬ್ರಿಗೆ ಹಿಂಗೆ ಮಾಡ್ಬೇಡ.”

ಸೋಮವಾರ ಡ್ಯೂಟಿಗೆ ಹೋದವನು ಮೇಡಂ ಕುರ್ಚಿಯ ಪಕ್ಕ ನಿಂತು, ಯಾವ ಮನೆಯವರಿಗೆ ಏನು ಕ್ರಮ ಅಂತ ಒಂದೊಂದಾಗಿ ಹೇಳಿದೆ. ಅವರು ಬರೆದುಕೊಂಡರು, ನಡುನಡುವೆ ಪ್ರಶ್ನೆ ಕೇಳಿದರು. ಊರಿಗೆ ಹೋಗಿ ಬಂದದ್ದನ್ನು ನಾನು ಹೇಳಲಿಲ್ಲ. ಕ್ಷಮಿಸಿ ಅಂತಲೂ ಅನ್ನಲಿಲ್ಲ. ಅವರೂ ಕೇಳಲಿಲ್ಲ. ಹೊಟ್ಟೆಕಿಚ್ಚು ಹೋಯಿತಾ ಅಂದರೆ ಇಲ್ಲ. ಈಗಲೂ ಯಾರಾದರೂ ‘ಟೀಚರ್ ಎಲ್ಲಿ’ ಅಂದರೆ ಕಿವಿ ಬಿಸಿಯಾಗುತ್ತದೆ. ಆದರೂ ಹೋಗಿ ಕರೆದುಕೊಂಡು ಬರುತ್ತೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಸರ್ವಿಸ್ ಇನ್ನು ಒಂಬತ್ತು ವರ್ಷ. ನೋವಿರುವ ಮಂಡಿ ಒಂದು. ಗೊತ್ತಿದ್ದೂ ಹೇಳದೆ ಇಟ್ಟುಕೊಂಡಿರುವ ಕ್ರಮ ಒಂದೂ ಇಲ್ಲ. ಕಳೆದ ತಿಂಗಳು ಮೇಡಂ ಬೇಕು ಅಂತ ಕೇಳಿಕೊಂಡು ಬಂದವರು ಹದಿನಾಲ್ಕು ಮಂದಿ, ನನ್ನನ್ನು ಕೇಳಿಕೊಂಡು ಬಂದವರು ಮೂವರು.