ಕಾಡಿನ ಪರದೆ ಬರೆದವರು

ಕಾರ್ಕಳದ ಹಳೆಯ ಶಾಲೆಯೊಂದರ ಅಟ್ಟದಲ್ಲಿ ನಾಟಕದ ಪರದೆಗಳು ಸಿಕ್ಕಿವೆ ಎಂದು ಅಲ್ಲಿನ ಹೆಡ್ಮಾಸ್ಟ್ರು ಫೋನ್ ಮಾಡಿದರು. ಮಣಿಪಾಲದ ಕಾಲೇಜೊಂದರಲ್ಲಿ ಕಲೆಯ ಇತಿಹಾಸ ಪಾಠ ಮಾಡುವ ನಾನು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದೆ. ಶಾಲೆಯ ಅಂಗಳದಲ್ಲಿ ಬಿಚ್ಚಿ ಹರಡಿದರೆ ಅರಮನೆ, ರಸ್ತೆ, ಕಾಡು ಎಂದು ಮೂರು ಪರದೆಗಳು. ಮೂರರ ಮೂಲೆಯಲ್ಲೂ ತೀರಿಕೊಂಡು ಬಹಳ ಕಾಲವಾದ ಅದೇ ಶಾಲೆಯ ಡ್ರಾಯಿಂಗ್ ಮಾಸ್ಟ್ರ ಸಹಿ. ಅರಮನೆಯ ಕಂಬಗಳು ಸ್ಕೇಲಿಟ್ಟು ಎಳೆದಂತಿದ್ದವು. ಕಾಡು ಮಾತ್ರ ಬೇರೆ. ಆಲದ ಬಿಳಲುಗಳು ತಡೆಯಿಲ್ಲದೆ ಇಳಿದಿದ್ದವು.

"ಮಾಸ್ಟ್ರು ಅವತ್ತು ಖುಷಿಯಲ್ಲಿದ್ದಿರಬೇಕು" ಎಂದೆ. ಟಿಪ್ಪಣಿಯಲ್ಲೂ ಹಾಗೆಯೇ ಬರೆದುಕೊಂಡೆ.

ಎರಡು ದಿನ ಬಿಟ್ಟು ಕಾಪುವಿನಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಕ್ಲಾಸು ಮುಗಿದ ಮೇಲೆ ನನ್ನ ಬಳಿ ಬಂದಳು. "ಮೇಡಂ, ಪಕ್ಕದ ಮನೆಯ ಅಜ್ಜಿಗೆ ಪರದೆಯ ಫೋಟೋ ತೋರಿಸಿದೆ. ಅವರು ಆ ಮಾಸ್ಟ್ರ ಮಗಳಂತೆ. ಕಾಡು ಬರೆದದ್ದು ತಾನು ಅಂತ ಹೇಳ್ತಾರೆ."

ಆ ಭಾನುವಾರ ಅವಳೊಂದಿಗೆ ಕಾಪುವಿಗೆ ಹೋದೆ. ಎಪ್ಪತ್ತು ದಾಟಿದ ಹೆಂಗಸು, ಜಗಲಿಯಲ್ಲಿ ಕೂತು ಬಸಳೆ ಸೊಪ್ಪು ಸೋಸುತ್ತಿದ್ದರು. ಅಪ್ಪನಿಗೆ ಕೈ ನಡುಗಲು ಶುರುವಾದ ಮೇಲೆ ಕಾಡಿನ ಪರದೆಯನ್ನು ತಾನೇ ಬರೆದದ್ದೆಂದು ಹೇಳಿದರು. ಆಗ ಅವರಿಗೆ ಹದಿನೇಳು. ಅಪ್ಪ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು, ಕೊನೆಗೆ ಸಹಿ ಹಾಕಿದರು.

ನಂಬಿದೆ. ಆದರೆ ನಾನು ಕಲಿಸುವ ವಿಷಯದಲ್ಲಿ ನಂಬಿಕೆ ಸಾಲುವುದಿಲ್ಲ. ಹೇಗೆ ಕೇಳುವುದೆಂದು ತಡವರಿಸುತ್ತಿದ್ದಾಗ ಅವರೇ ಕೇಳಿದರು, "ಸಾಕ್ಷಿ ಬೇಕಾ ಟೀಚರೇ? ಎಡಗಡೆ ಕೆಳಗೆ ಒಂದು ಪೊದೆ ಉಂಟಲ್ಲ, ಅಲ್ಲಿ ಇಲಿ ಕಡಿದಿತ್ತು. ನನ್ನ ಹಳೆ ಲಂಗದ ತುಂಡು ಹೊಲಿದು ಮೇಲೆ ಪೊದೆ ಬರೆದೆ. ಹಿಂದೆ ತಿರುಗಿಸಿ ನೋಡಿ."

ಮರುದಿನವೇ ಕಾರ್ಕಳಕ್ಕೆ ಹೋಗಿ ತಿರುಗಿಸಿದೆವು. ಪೊದೆಯ ಬೆನ್ನಿಗೆ ಅಂಗೈಯಗಲದ ಬಟ್ಟೆ, ಅದರ ಮೇಲೆ ಸಣ್ಣ ಸಣ್ಣ ಕೆಂಪು ಹೂ. ವಿದ್ಯಾರ್ಥಿನಿ ಕಿರುಚಿಯೇ ಬಿಟ್ಟಳು. ನನಗೆ ಮಾತ್ರ ನಾಚಿಕೆಯಾಯಿತು. ಕಲೆಯ ಇತಿಹಾಸದ ಪುಸ್ತಕಗಳಲ್ಲಿ ಹೆಂಗಸರು ಯಾಕಿಲ್ಲ ಎಂದು ವರ್ಷವರ್ಷವೂ ಪಾಠ ಮಾಡಿದವಳು ನಾನು. ಬರೆದ ಕೈಯ ವ್ಯತ್ಯಾಸ ಕಣ್ಣಿಗೆ ಬಿದ್ದರೂ ಅದನ್ನು ಮಾಸ್ಟ್ರ ಖುಷಿಯೆಂದು ಬರೆದುಕೊಂಡಿದ್ದೆ.

ಕಾಲೇಜಿನಲ್ಲಿ ಪರದೆಗಳ ಪ್ರದರ್ಶನ ಮಾಡುವುದೆಂದು ನಿಶ್ಚಯವಾಯಿತು. ಕಾಡಿನ ಪರದೆಗೆ ಹಾಕುವ ಹೆಸರಿನ ಚೀಟಿಯ ಕರಡನ್ನು ಅಜ್ಜಿಗೆ ಓದಿ ಹೇಳಿದೆ: ಮೇಲೆ ಅಪ್ಪನ ಹೆಸರು, ಕೆಳಗೆ 'ಸಹಾಯ' ಎಂದು ಅವರ ಹೆಸರು. ಅವರು ಚೀಟಿಯ ಕಡೆ ಬೆರಳು ತೋರಿಸಿದರು.

"ಅಪ್ಪನ ಹೆಸರು ಮೇಲೆಯೇ ಇರಲಿ. ಕಲಿಸಿದವರು ಅವರು. ಆದರೆ ಸಹಾಯ ಅಂತ ಬರೆಯಬೇಡಿ. ನಾನು ಬಣ್ಣ ಕಲಸಿ ಕೊಟ್ಟದ್ದಲ್ಲ, ಬರೆದದ್ದು."

ಅಲ್ಲೇ ಹೊಡೆದು ಹಾಕಿ ಹೊಸದಾಗಿ ಬರೆದೆ: 'ಕಲಿಸಿದವರು' ಎಂದು ಅಪ್ಪನ ಹೆಸರು, 'ಚಿತ್ರಿಸಿದವರು' ಎಂದು ಮಗಳ ಹೆಸರು.

"ಇಷ್ಟು ವರ್ಷ ಬೇಜಾರಾಗಲಿಲ್ವಾ ಅಮ್ಮ?" ಎಂದೆ.

"ಎಂತಕ್ಕೆ? ನಾಟಕದ ದಿನ ಪರದೆ ಬಿಟ್ಟ ಕೂಡಲೇ ಜನ ಚಪ್ಪಾಳೆ ತಟ್ತಿದ್ರು. ಹೆಂಗಸರ ಬದಿಯಲ್ಲಿ ಕೂತು ನಾನೂ ತಟ್ತಿದ್ದೆ" ಎಂದು ನಕ್ಕರು.

ಪ್ರದರ್ಶನದ ದಿನ ಮೊಮ್ಮಗಳ ಜೊತೆ ಬಂದರು. ತಮ್ಮ ಹೆಸರಿನ ಚೀಟಿಯನ್ನು ಒಮ್ಮೆ ಓದಿ, ಪರದೆಯ ಮುಂದೆ ತುಂಬ ಹೊತ್ತು ನಿಂತರು. "ಈ ಹಸಿರು ಮಾಸಿ ಹೋಗಿದೆ ಮಾರಾಯ್ರೇ" ಎಂದು ಎಲ್ಲರಿಗೂ ಕೇಳುವಂತೆ ದೂರಿದರು. ಆ ಹಸಿರನ್ನು ಹೇಗೆ ಮಾಡಿದಿರಿ ಎಂದು ವಿದ್ಯಾರ್ಥಿಗಳು ಸುತ್ತುವರಿದದ್ದೇ ತಡ, ಕುರ್ಚಿ ತರಿಸಿಕೊಂಡು ಕೂತರು.

ಈಗ ಶನಿವಾರಗಳಂದು ಪರದೆ ಬರೆಯುವುದನ್ನು ಕಲಿಸಲು ನಮ್ಮ ಕಾಲೇಜಿಗೆ ಬರುತ್ತಾರೆ. ವಿದ್ಯಾರ್ಥಿಗಳು ಹಟ ಹಿಡಿದು ಉಡುಪಿ ಬಸ್ ಸ್ಟ್ಯಾಂಡಿನ ಪರದೆ ಶುರು ಮಾಡಿಸಿದ್ದಾರೆ. ಇದುವರೆಗೆ ಅಜ್ಜಿ ಬಸ್ಸು ಬರೆದವರಲ್ಲ. ಕಳೆದ ವಾರ ಬಸ್ಸಿನ ಗೆರೆಗಳನ್ನು ಎರಡು ಸಲ ಅಳಿಸಿ, ಮೂರನೆಯ ಸಲ ಸೀಮೆಸುಣ್ಣ ಕೈಗೆತ್ತಿಕೊಂಡು, "ನೀವೆಲ್ಲ ಆಚೆ ಹೋಗಿ ಟೀ ಕುಡೀರಿ, ನಾನು ನೋಡಿಕೊಳ್ತೇನೆ" ಎಂದರು.