ತಾಮ್ರದ ಗೆರೆ ತಿರುಗುವ ಜಾಗ

ತುಮಕೂರಿನ ನಮ್ಮ ಬಾಡಿಗೆ ಮನೆಯ ಊಟದ ಮೇಜಿನ ಮೇಲೆ ನಾನೂ ಹೆಂಡತಿಯೂ ಬೋರ್‌ವೆಲ್ ಮೋಟರನ್ನು ಮೊಬೈಲಿನಿಂದ ಆನ್ ಮಾಡುವ ಪೆಟ್ಟಿಗೆ ತಯಾರಿಸುತ್ತಿದ್ದೆವು. ಅದನ್ನು ಚೇಳೂರಿನ ತನ್ನ ತೆಂಗಿನ ತೋಟದಲ್ಲಿ ಪರೀಕ್ಷಿಸಲು ಅವಳ ಅಣ್ಣ ಒಪ್ಪಿದ್ದ. ನಾವು ಮೊದಲು ಮಾಡಿಕೊಟ್ಟಿದ್ದ ಪೆಟ್ಟಿಗೆ ಕೈಕೊಟ್ಟಿದ್ದರಿಂದ ಇದೇ ಕೊನೆಯ ಅವಕಾಶ ಎಂದೂ ಹೇಳಿದ್ದ. ಸರ್ಕ್ಯೂಟ್ ಬೋರ್ಡಿನ ನಕ್ಷೆ ಅಂದು ಸಂಜೆಯೊಳಗೆ ಕಾರ್ಖಾನೆಗೆ ಹೋಗಬೇಕಿತ್ತು. ನಾನೋ, ಕಂಪ್ಯೂಟರಿನಲ್ಲಿ ಬೋರ್ಡಿನ ತಾಮ್ರದ ಗೆರೆಗಳು ತಿರುಗುವ ಮೂಲೆಗಳನ್ನು ಒಂದೊಂದಾಗಿ ದುಂಡಗೆ ಮಾಡುತ್ತ ಕೂತಿದ್ದೆ. ಮೋಟರು ಆನ್ ಮಾಡುವ ಕೆಲಸಕ್ಕೆ ಮೂಲೆ ಹೇಗಿದ್ದರೂ ನಡೆಯುತ್ತದೆಂದು ಗೊತ್ತಿತ್ತು. ಆದರೆ ಓರೆಯಾಗಿ ಕತ್ತರಿಸಿದ ಮೂಲೆಯನ್ನು ಎಲ್ಲರೂ ಹಾಕುತ್ತಾರೆ. ಅದು ನನ್ನ ಘನತೆಗೆ ಕಡಿಮೆ.

“ರೀ, ಕರೆಂಟ್ ಏನು ಅಮೃತೂರು ಬಸ್ಸಾ, ತಿರುವಲ್ಲಿ ಪಲ್ಟಿ ಹೊಡೆಯೋಕೆ? ಓರೆನೇ ಇರ್ಲಿ, ಕಳ್ಸಿ,” ಅಂದಳು ಹೆಂಡತಿ.

“ದುಂಡಗಿದ್ರೆ ನೋಡೋಕೆ ಚೆನ್ನಾಗಿರುತ್ತೆ ಕಣೇ.”

“ಹೆಣ್ಣು ನೋಡೋಕ್ ಬರ್ತಿಲ್ಲ ಯಾರೂ. ಕಳ್ಸಿ ಅಂದ್ರೆ ಕಳ್ಸಿ!”

ಇಲ್ಲಿ ನಾನೇ ವಿವೇಕದಿಂದ ಮೌಸ್ ಬಿಟ್ಟುಕೊಟ್ಟೆ ಎಂದು ಬರೆದರೆ ನನಗೆ ಶೋಭೆ. ನನ್ನ ನೆನಪೂ ಹಾಗೆಯೇ ಹೇಳುತ್ತದೆ; ಅದು ಯಾವಾಗಲೂ ನನ್ನ ಪರವೇ. ಅದಕ್ಕೇ ಅವಳು ಕಿತ್ತುಕೊಂಡಿರಬೇಕು ಎಂಬ ಅನುಮಾನ. ಅರ್ಧ ದುಂಡು, ಅರ್ಧ ಓರೆ ಮೂಲೆಗಳ ನಕ್ಷೆ ಹಾಗೇ ಹೋಯಿತು.

ಬೋರ್ಡು ಬಂದು ಪೆಟ್ಟಿಗೆ ಸಿದ್ಧವಾದ ಮೇಲೆ, ಚೇಳೂರಿನಲ್ಲಿ ಮೋಟರು ಮೊದಲ ಸಲಕ್ಕೇ ಓಡಿ, ನೀರು ಬಂತು. ನಾನು ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಅವಳ ಅಣ್ಣನನ್ನು ಕರೆದು, ನನ್ನ ದುಂಡು ಮೂಲೆಗಳ ಕಡೆಗೆ ಬೆರಳು ಮಾಡಿದೆ.

“ಮುಚ್ಚಿ ಭಾವ, ಹಲ್ಲಿ ನುಗ್ಗಿ ಶಾರ್ಟ್ ಆಯ್ತದೆ,” ಅಂದ ಅವನು. “ಪೆಟ್ಟಿಗೆ ಇಲ್ಲೇ ಇರ್ಲಿ ಬುಡಿ.”

ಹೆಂಡತಿ ಆಗಲೇ ಮುಚ್ಚಳ ಹಾಕಿ ಸ್ಕ್ರೂ ತಿರುಗಿಸುತ್ತಿದ್ದಳು.